ಮದುವೆಗೆ ದೇಶವೆಲ್ಲ ಓಟು ಹಾಕಬೇಕಾ? ವಕೀಲರನ್ನು ಕೇಳಿ

ಪ್ರಶ್ನೆ (ದಾವಣಗೆರೆಯವನು, ಈಗ ಐರ್ಲೆಂಡಿನ ಡಬ್ಲಿನ್): ನಮಸ್ಕಾರ ಮೇಡಂ. ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಇಲ್ಲಿಯವನೇ ಒಬ್ಬ ತನ್ನ ಗಂಡನ ವಿಷಯ ಹೇಳ್ತಾ, ‘ನಮ್ಮ ಮದುವೆಗೆ ದೇಶವೇ ಓಟು ಹಾಕಿದೆ’ ಅಂದ. ತಮಾಷೆಯೋ ನಿಜವೋ ತಿಳಿಯದೆ ಸುಮ್ಮನೆ ತಲೆ ಆಡಿಸಿದೆ. ಇಬ್ಬರು ಮದುವೆಯಾಗೋಕೆ ಊರವರ ಓಟು ಯಾಕೆ? ಹಾಗಾದ್ರೆ ನಮ್ಮ ದೇಶದಲ್ಲೂ ಹೀಗೇ ಓಟಿಗೆ ಬಿಟ್ಟರೆ ಕೋರ್ಟು ಅಲೆಯೋದು ತಪ್ಪುತ್ತಲ್ವಾ?

ವಕೀಲೆ: ನಿಜವೇ ಹೇಳಿದ್ದಾನೆ. 2015ರ ಮೇ 22ರಂದು ಐರ್ಲೆಂಡ್ ಸಲಿಂಗ ವಿವಾಹದ ಬಗ್ಗೆ ಜನಮತಗಣನೆ ಮಾಡಿತು. 12,01,607 ಮಂದಿ ಹೌದು ಅಂದರು, 7,34,300 ಮಂದಿ ಬೇಡ ಅಂದರು. 43 ಕ್ಷೇತ್ರಗಳಲ್ಲಿ ಬೇಡ ಅಂದಿದ್ದು ರಾಸ್‌ಕಾಮನ್–ಸೌತ್ ಲೀಟ್ರಿಮ್ ಒಂದೇ. 1993ರವರೆಗೂ ಗಂಡಸರ ಸಲಿಂಗ ಸಂಬಂಧವೇ ಅಪರಾಧವಾಗಿದ್ದ ದೇಶ ಇದು. ಓಟು ಹಾಕೋಕೆಂದೇ ಹೊರದೇಶಗಳಿಂದ ಹಡಗು, ವಿಮಾನ ಹತ್ತಿ ಬಂದ ಐರಿಷ್ ಯುವಕ ಯುವತಿಯರ ಕಥೆಯನ್ನು ಇಲ್ಲಿ ಈಗಲೂ ಹೇಳ್ತಾರೆ.

ಓಟು ಯಾಕೆ ಬೇಕಾಯ್ತು ಅಂದ್ರೆ, 1937ರ ಐರಿಷ್ ಸಂವಿಧಾನದ ಒಂದು ಪದ ಬದಲಾಯಿಸಬೇಕಾದ್ರೂ ಜನರ ಮುಂದೆ ಹೋಗಲೇಬೇಕು, ಪಾರ್ಲಿಮೆಂಟ್ ಒಂದೇ ಸಾಲದು. ಮದುವೆ ಅಂದ್ರೆ ಗಂಡು ಹೆಣ್ಣು ಅಂತ ಆ ಸಂವಿಧಾನದಲ್ಲಿ ಬರೆದಿರಲಿಲ್ಲ. ಆದರೆ ಕೋರ್ಟುಗಳು ಹಾಗೇ ಓದುತ್ತಿದ್ದವು. ಕೆನಡಾದಲ್ಲಿ ಮದುವೆಯಾಗಿ ಬಂದಿದ್ದ ಇಬ್ಬರು ಮಹಿಳೆಯರು, ಕ್ಯಾಥರೀನ್ ಜಪೋನ್ ಮತ್ತು ಆನ್ ಲೂಯಿಸ್ ಗಿಲ್ಲಿಗನ್, ತೆರಿಗೆಯ ಲೆಕ್ಕದಲ್ಲಾದರೂ ನಮ್ಮನ್ನು ದಂಪತಿ ಅನ್ನಿ ಅಂತ ಕೇಳಿದರು. 2006ರಲ್ಲಿ ಹೈಕೋರ್ಟ್ ಆಗಲ್ಲ ಅಂತು. ಕಾಯ್ದೆ ತಂದರೂ ಕೋರ್ಟಿನಲ್ಲಿ ಬಿದ್ದುಹೋಗುವ ಭಯವಿತ್ತು, ಅದಕ್ಕೇ ಸಂವಿಧಾನಕ್ಕೇ ಒಂದು ಸಾಲು ಸೇರಿಸಲು ಜನರ ಬಳಿ ಹೋದರು. (ಅದೇ ದಿನ ಅಧ್ಯಕ್ಷ ಹುದ್ದೆಗೆ ನಿಲ್ಲುವ ವಯಸ್ಸನ್ನು 35ರಿಂದ 21ಕ್ಕೆ ಇಳಿಸೋಣವೇ ಅಂತಲೂ ಕೇಳಿದ್ದರು. ಅದನ್ನು ಜನ ಹಿಗ್ಗಾಮುಗ್ಗಾ ಸೋಲಿಸಿದರು!)

ನಮ್ಮ ದೇಶದಲ್ಲಿ ಈ ದಾರಿಯೇ ಇಲ್ಲ. ಸಂವಿಧಾನ ತಿದ್ದುವ ದಾರಿ ಹೇಳುವ 368ನೇ ವಿಧಿಯಲ್ಲಿ ಜನಮತಗಣನೆ ಅನ್ನೋದು ಬರೋದಿಲ್ಲ. 1967ರಲ್ಲಿ ಗೋವಾದವರನ್ನು ಮಹಾರಾಷ್ಟ್ರಕ್ಕೆ ಸೇರ್ತೀರಾ ಅಂತ ಕೇಳಿದ್ದುಂಟು, ಅದು ಪ್ರದೇಶದ ಪ್ರಶ್ನೆ. ಹೋಗಲಿ, ಈ ವಿಷಯಕ್ಕೆ ಸಂವಿಧಾನ ತಿದ್ದುವ ಅಗತ್ಯವೂ ಇಲ್ಲ. ಪಾರ್ಲಿಮೆಂಟ್ ಸಾಮಾನ್ಯ ಬಹುಮತದಲ್ಲೇ 1954ರ ವಿಶೇಷ ವಿವಾಹ ಕಾಯ್ದೆ ತಿದ್ದಬಹುದು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ಧಾಟಿಯಲ್ಲಿ: ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡೋದು ಶಾಸಕಾಂಗದ ಕೆಲಸ.

ಮರುಪ್ರಶ್ನೆ (ಅವರೇ): ಸರಿ ಮೇಡಂ, ಆದರೂ ಜನರೇ ಒಪ್ಪಿದರೆ ಯಾರೂ ತಕರಾರು ಎತ್ತೋ ಹಾಗಿಲ್ಲ ಅಲ್ವಾ? ಕೋರ್ಟು ಕೊಟ್ಟರೆ ‘ಹೇರಿದರು’ ಅಂತಾರೆ.

ವಕೀಲೆ: ಜನ ಒಪ್ಪಿದರೆ. ಒಪ್ಪದಿದ್ದರೆ? ಕ್ಯಾಲಿಫೋರ್ನಿಯಾ ನೋಡಿ. 2008ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟಿತು, ಸುಮಾರು 18,000 ಜೋಡಿಗಳು ಮದುವೆಯಾದರು. ನವೆಂಬರ್ 4ರಂದು, ಒಬಾಮಾ ಆ ರಾಜ್ಯವನ್ನು ಭಾರಿ ಅಂತರದಿಂದ ಗೆದ್ದ ಅದೇ ದಿನ, ಪ್ರಪೊಸಿಷನ್ 8 ಅನ್ನುವ ಪ್ರಶ್ನೆಗೆ ಶೇ. 52ರಷ್ಟು ಜನ ಓಟು ಹಾಕಿ ಆ ಹಕ್ಕನ್ನು ಕಿತ್ತುಕೊಂಡರು. ಆಗಲೇ ಆಗಿದ್ದ ಮದುವೆಗಳು ಉಳಿದವು, ಹೊಸದಕ್ಕೆ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2013ರಲ್ಲಿ, ಅದೂ ಕೋರ್ಟಿನಿಂದಲೇ.

ಐರ್ಲೆಂಡಿನಲ್ಲಿ ಗೆದ್ದರು ಅಂತ ಅದು ಸುಲಭವಾಗಿತ್ತು ಅಂದ್ಕೋಬೇಡಿ. ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಬೇಕು ಅನ್ನೋ ಅರ್ಥದ ಪೋಸ್ಟರ್‌ಗಳನ್ನು ಬೀದಿ ಕಂಬಗಳಿಗೆ ಕಟ್ಟಿದ್ದರು. ದತ್ತು ವಿಚಾರ ಆ ಓಟಿನಲ್ಲಿ ಇರಲೇ ಇಲ್ಲ, ಬೇರೆ ಕಾಯ್ದೆಯಾಗಿ ಏಪ್ರಿಲ್‌ನಲ್ಲೇ ಮುಗಿದಿತ್ತು. ಪ್ರಚಾರಕ್ಕೆ ಅದೆಲ್ಲ ಯಾರಿಗೆ ಬೇಕು? ನಾವು ಮದುವೆಯಾಗ್ತೀವಿ, ದಯವಿಟ್ಟು ಒಪ್ಪಿ ಅಂತ ಗೊತ್ತಿಲ್ಲದವರ ಮನೆ ಬಾಗಿಲು ತಟ್ಟೋದು ಹೇಗಿರುತ್ತೆ, ನೀವೇ ಯೋಚಿಸಿ. ನನಗಂತೂ ಗೆದ್ದ ಖುಷಿಯ ಜೊತೆಗೆ ಆ ಮುಜುಗರವೂ ನೆನಪಿಗೆ ಬರುತ್ತೆ.

ಪ್ರಶ್ನೆ (ಬೇರೆ ಸದಸ್ಯರು): ಮುಂದೆ ಇಂಥ ಜನಮತಗಣನೆ ಬಂದ್ರೆ ನಾವೂ ಓಟು ಹಾಕಬಹುದಾ? ನಂದು ಸ್ಟಾಂಪ್ 4 (ಇಲ್ಲಿ ಉಳಿದು ಕೆಲಸ ಮಾಡೋಕೆ ಕೊಡುವ ಅನುಮತಿ, ಪೌರತ್ವ ಅಲ್ಲ).

ವಕೀಲೆ: ಇಲ್ಲ. ಐರಿಷ್ ಪ್ರಜೆಗಳಿಗೆ ಮಾತ್ರ. ಸ್ಥಳೀಯ ಚುನಾವಣೆಗೆ ಹಾಕಬಹುದು, ಹೆಸರು ನೋಂದಾಯಿಸಿಕೊಳ್ಳಿ.

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಅಮ್ಮಾ. ನನ್ನ ಮಗ ಕಾರ್ಕ್‌ನಲ್ಲಿದ್ದಾನೆ, ಅವನೇ ಈ ಗುಂಪಿಗೆ ಸೇರಿಸಿದ್ದು. ಒಬ್ಬ ಐರಿಷ್ ಹುಡುಗನನ್ನು ಮದುವೆಯಾಗ್ತಾನಂತೆ. ಅವನಪ್ಪ ಇನ್ನೂ ಸರಿಯಾಗಿ ಮಾತಾಡ್ತಿಲ್ಲ, ಅದಿರಲಿ. ಈ ಮದುವೆ ಇಲ್ಲಿ ನಡೆಯುತ್ತಾ? ಅವನ ಹೆಸರಲ್ಲಿ ಇಲ್ಲೊಂದು ಸೈಟಿದೆ.

ವಕೀಲೆ: ಅಲ್ಲಿ ನಡೆಯಲ್ಲ ಅಮ್ಮಾ. ಐರ್ಲೆಂಡಿನಲ್ಲಿ ಆ ಮದುವೆ ಪೂರ್ತಿ ಸಿಂಧು, ಆದರೆ ಭಾರತದಲ್ಲಿ 1969ರ ವಿದೇಶಿ ವಿವಾಹ ಕಾಯ್ದೆಯಡಿ ಅದನ್ನು ನೋಂದಾಯಿಸೋಕೆ ಆಗಲ್ಲ. ಸೈಟಿನ ವಿಷಯ ಮುಖ್ಯ, ಗಮನವಿಟ್ಟು ಕೇಳಿ. ಸ್ಥಿರಾಸ್ತಿಗೆ ಅದು ಇರುವ ಜಾಗದ ಕಾನೂನೇ ಅನ್ವಯ. ನಾಳೆ ಏನಾದರೂ ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಣ್ಣಿಗೆ ಆ ಹುಡುಗ ವಾರಸುದಾರನಲ್ಲ. ಹಾಗಾಗಿ ಮಗ ಒಂದು ಉಯಿಲು ಬರೆಯಲಿ. ಇಬ್ಬರು ಸಾಕ್ಷಿಗಳ ಸಹಿ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಊರಿಗೆ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಟ್ಟರೆ ಒಳ್ಳೆಯದು. ಹುಡುಗ ವಿದೇಶಿ ಪ್ರಜೆ, ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮಗಳೂ ಬರುತ್ತವೆ. ಅದನ್ನು ಮಾತ್ರ ಮೈಸೂರಿನ ವಕೀಲರ ಹತ್ತಿರ ಕೂತೇ ಬಗೆಹರಿಸಿಕೊಳ್ಳಿ. ಬ್ಯಾಂಕ್ ಖಾತೆಗೆ ನಾಮಿನಿ ಮಾಡೋಕೆ ಸಂಗಾತಿ ಅನ್ನೋದು ಅಡ್ಡಿಯಲ್ಲ, 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವೇ ಸ್ಪಷ್ಟಪಡಿಸಿದೆ.

ಅವರೇ: ಆಯ್ತಮ್ಮಾ, ಹೇಳ್ತೀನಿ. ಮದುವೆ ಮುಂದಿನ ತಿಂಗಳೇ ಇಟ್ಕೊಳ್ಳೋಣ ಅಂತಿದ್ದಾನೆ.

ವಕೀಲೆ: ರಿಜಿಸ್ಟ್ರಾರ್‌ಗೆ ಮೂರು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಕೊಟ್ಟಿದ್ದಾನಾ ಅಂತ ಇವತ್ತೇ ಕೇಳಿ. ಕೊಟ್ಟಿಲ್ಲ ಅಂದ್ರೆ ನಿಮ್ಮ ವೀಸಾಕ್ಕೂ ಸಮಯ ಸಿಕ್ಕಿತು.