ಎರಡನೇ ಕ್ರಾಸ್‌ನ ವೇಗ: ನಗರಸಭೆಗೆ ಏನಂತ ಬರೆದು ಕೊಡೋಣ?

ಮೂಲೆಮನೆ, ಎರಡನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸೋಕೆ ಗಾಡಿಗಳೆಲ್ಲ ನಮ್ಮ ಕ್ರಾಸ್‌ಗೆ ನುಗ್ಗೋದು ನೀವೆಲ್ಲ ದಿನಾ ನೋಡ್ತಿರೋದೇ. ಶಾಲೆ ಬಿಡೋ ಹೊತ್ತಿಗೆ ಮಕ್ಕಳು ಕಾಂಪೌಂಡಿಗೆ ಅಂಟಿಕೊಂಡು ನಡೀತಾರೆ. ವಯಸ್ಸಾದವರು ರಸ್ತೆ ದಾಟೋಕೆ ಯಾರಾದ್ರೂ ಕೈ ಹಿಡೀಲಿ ಅಂತ ಕಾಯ್ತಾರೆ. ಬಾಯಿಮಾತಲ್ಲಿ ಹೇಳಿದ್ದಕ್ಕೆ "ನೋಡೋಣ" ಅಂತ ಉತ್ತರ ಬಂತು, ಅಷ್ಟೇ. ಈ ಸಲ ನಗರಸಭೆಯ ಸಾಮಾನ್ಯ ಸಭೆಗೆ ಲಿಖಿತವಾಗಿ ಹೋಗೋಣ. ಏನು ಕೇಳಬೇಕು ಅಂತ ಮೊದಲು ಇಲ್ಲೇ ಒಂದು ಮಾತಾಗಲಿ.

ಮಹಡಿ ಮನೆ, ಎರಡನೇ ಕ್ರಾಸ್:
ಎರಡು ಹಂಪ್ ಹಾಕಿಸಿಕೊಡಿ ಅಂತ ಕೇಳಿದ್ರೆ ಸಾಕಲ್ವಾ ಮೇಡಂ? ಬೇಗ ಆಗೋ ಕೆಲಸ ಅದೊಂದೇ.

ಆಂಬ್ಯುಲೆನ್ಸ್ ಡ್ರೈವರ್, ಮೂರನೇ ಕ್ರಾಸ್:
ಹಂಪ್ ಬೇಡ ಅನ್ನಲ್ಲ ಸರ್, ಆದ್ರೆ ಎಂಥದ್ದು ಅಂತ ಬರೆದು ಕೇಳಿ. ಮೂಳೆ ಮುರಿದವರನ್ನ ಹಿಂದೆ ಮಲಗಿಸಿಕೊಂಡು ಚೂಪು ಹಂಪ್ ದಾಟೋವಾಗ ಅವರು ಕೂಗೋದು ನನಗೆ ಮುಂದಿನ ಸೀಟಿಗೆ ಕೇಳುತ್ತೆ. ಇಡೀ ರಸ್ತೆಗೆ ಅಡ್ಡ ಹಾಕದೆ, ನಡುವೆ ಸಂದಿ ಬಿಟ್ಟು ತುಂಡು ತುಂಡಾಗಿ ಹಾಕೋ ದಿಬ್ಬಗಳೂ ಇವೆ. ಚಕ್ರಗಳ ನಡುವೆ ಅಗಲ ಜಾಸ್ತಿ ಇರೋ ಗಾಡಿ ಆ ತುಂಡನ್ನ ನಡುವೆ ಬಿಟ್ಕೊಂಡು ಹೋಗುತ್ತೆ, ಕಾರು ಮಾತ್ರ ನಿಧಾನ ಮಾಡಲೇಬೇಕು. ಬೈಕ್‌ಗಳು ಸಂದಿಯಲ್ಲಿ ನುಸುಳ್ತವೆ, ಅದನ್ನೂ ಮುಚ್ಚಿಡಲ್ಲ. ಶಾಲೆ ಗೇಟ್ ಮುಂದೆ ಮಾತ್ರ ಫುಟ್‌ಪಾತ್ ಎತ್ತರಕ್ಕೇ ಏರಿಸಿದ ಅಗಲವಾದ ಜೀಬ್ರಾ ಪಟ್ಟೆ ಕೇಳಿ. ಅಲ್ಲಿ ಬೈಕೂ ತಗ್ಗಲೇಬೇಕು.

ಮೇಷ್ಟ್ರು, ಮೊದಲನೇ ಕ್ರಾಸ್:
ಹಂಪ್‌ನ ಇತಿಹಾಸದಲ್ಲಿ ಒಬ್ಬ ಭೌತವಿಜ್ಞಾನಿ ಇದ್ದಾರೆ. 1927ರ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್. ತಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ ಕಾರುಗಳ ಓಟ ತಡೆಯಲು 1953ರಲ್ಲಿ ಅವರೇ ಇಂಥ ದಿಬ್ಬಗಳ ಆಕಾರ ಲೆಕ್ಕ ಹಾಕಿ ಕೊಟ್ಟರು. ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠವೂ ಇದಕ್ಕೇ ಸೇರಿದ್ದು: ವೇಗ ಎರಡರಷ್ಟಾದರೆ ಢಿಕ್ಕಿಯ ಶಕ್ತಿ ನಾಲ್ಕರಷ್ಟು. ಮಗು ಕಣ್ಣಿಗೆ ಬಿದ್ದು ಬ್ರೇಕ್ ಮೇಲೆ ಕಾಲು ಹೋಗಲು ಒಂದು ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. 30 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಗಾಡಿ 8 ಮೀಟರ್ ಮುಂದೆ ಬಂದಿರುತ್ತದೆ, 60ರಲ್ಲಿ ಸುಮಾರು 17 ಮೀಟರ್. ಬ್ರೇಕ್ ಹಿಡಿಯಲು ಶುರುವಾಗುವುದೇ ಅದಾದ ಮೇಲೆ. ಸದಸ್ಯರ ಮುಂದೆ "ಬಹಳ ಜೋರಾಗಿ ಬರ್ತಾರೆ ಸ್ವಾಮಿ" ಅನ್ನುವುದಕ್ಕಿಂತ ಈ ಲೆಕ್ಕ ಇಡಿ.

ನಾಲ್ಕನೇ ಕ್ರಾಸ್, ಎಡಬದಿ ಮನೆ:
ನಾನು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎರಡನೇ ಕ್ರಾಸ್‌ಗೆ ದಿಬ್ಬ ಬಂತು ಅಂದ್ರೆ ಆ ಗಾಡಿಗಳು ಎಲ್ಲಿಗೆ ಹೋಗ್ತವೆ? ನಮ್ಮ ಕ್ರಾಸ್‌ಗೆ. ನಮ್ಮದು ಇನ್ನೂ ಇಕ್ಕಟ್ಟು, ಫುಟ್‌ಪಾತೇ ಇಲ್ಲ. ಹೀಗೇ ಮನವಿ ಕೊಟ್ರೆ ನಾವು ಬೇರೆ ಮನವಿ ಕೊಡಬೇಕಾಗುತ್ತೆ.

ಮಹಡಿ ಮನೆ, ಎರಡನೇ ಕ್ರಾಸ್:
ಅಂದ್ರೆ ನಮ್ಮ ಮಕ್ಕಳು ಹೀಗೇ ಇರಬೇಕಾ ಸರ್?

ಮೂಲೆಮನೆ, ಎರಡನೇ ಕ್ರಾಸ್:
ಇಲ್ಲಿ ಸ್ವಲ್ಪ ನಿಲ್ಲೋಣ. ನಾಲ್ಕನೇ ಕ್ರಾಸ್‌ನವರು ಹೇಳಿದ್ದು ಸರಿ. ಸಿಗ್ನಲ್ ತಪ್ಪಿಸಬೇಕು ಅಂತ ಬರೋನು ಒಂದು ದಾರಿ ಕಷ್ಟ ಆದ್ರೆ ಪಕ್ಕದ್ದು ಹಿಡೀತಾನೆ. ನಾವು ಒಂದೇ ರಸ್ತೆಗೆ ಕೇಳಿದ್ರೆ ಅಪಾಯವನ್ನ ಅವರ ಬಾಗಿಲಿಗೆ ಸಾಗಿಸಿದ ಹಾಗಾಗುತ್ತೆ. ಅದು ನನಗೆ ಬೇಡ. ಇನ್ನೊಂದು ಮಾತು. ಒಂದೇ ಬಡಾವಣೆಯಿಂದ ಎರಡು ಎದುರುಬದುರು ಮನವಿ ಹೋದ್ರೆ ನಗರಸಭೆಗೆ ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. "ನಿವಾಸಿಗಳಲ್ಲೇ ಒಮ್ಮತ ಇಲ್ಲ" ಅಂತ ಬರೆದು ಕಡತ ಮುಚ್ಚಿಬಿಡ್ತಾರೆ.

ಆದ್ದರಿಂದ ರಸ್ತೆ ಲೆಕ್ಕ ಬಿಡೋಣ, ಮುಖ್ಯರಸ್ತೆ ಒಳಗಿನ ಎಲ್ಲ ಕ್ರಾಸ್‌ಗಳಿಗೂ ಸೇರಿಸಿ ಕೇಳೋಣ. ಇದು ಹೊಸದೇನಲ್ಲ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಮುಖ್ಯರಸ್ತೆಗಳನ್ನ ಬಿಟ್ಟು ಉಳಿದ ರಸ್ತೆಗಳಿಗೆಲ್ಲ ಒಟ್ಟಿಗೇ 30 ಕಿ.ಮೀ. ಮಿತಿ ತಂತು. ಎಲ್ಲ ಒಳರಸ್ತೆಯೂ ಒಂದೇ ಥರ ನಿಧಾನ ಆದ್ರೆ ಒಳಗೆ ನುಗ್ಗೋದ್ರಲ್ಲಿ ಲಾಭ ಇಲ್ಲ, ಗಾಡಿ ಮುಖ್ಯರಸ್ತೆಯಲ್ಲೇ ಉಳಿಯುತ್ತೆ. ನಾಲ್ಕನೇ ಕ್ರಾಸ್‌ಗೆ ಫುಟ್‌ಪಾತ್ ಬೇಕು ಅನ್ನೋದನ್ನೂ ಅದೇ ಪತ್ರದಲ್ಲಿ ಬರೆಯೋಣ, ಸರ್. ನಿಮ್ಮ ಒಪ್ಪಿಗೆ ಇಲ್ಲದೆ ಪತ್ರ ಹೋಗಲ್ಲ.

ನಾಲ್ಕನೇ ಕ್ರಾಸ್, ಎಡಬದಿ ಮನೆ:
ಹಾಗಿದ್ರೆ ನಾನೂ ಸಹಿ ಹಾಕ್ತೀನಿ ಮೇಡಂ. ಪಕ್ಕದ ಮನೆಯವರನ್ನೂ ಕೇಳ್ತೀನಿ.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮೂರನೇ ಕ್ರಾಸ್:
ಆಂಟಿ, ವೇಗ ಅಳೆಯೋಕೆ ಯಂತ್ರ ಬೇಕಾಗಿಲ್ಲ. ರಸ್ತೆಬದಿಯಲ್ಲಿ ಟೇಪ್ ಹಿಡಿದು 50 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಹಾಕಿದ್ರೆ ಆಯ್ತು. ಗಾಡಿ ಒಂದು ಗೆರೆಯಿಂದ ಇನ್ನೊಂದಕ್ಕೆ 6 ಸೆಕೆಂಡಲ್ಲಿ ಬಂದ್ರೆ 30 ಕಿ.ಮೀ., 4.5 ಸೆಕೆಂಡಲ್ಲಿ ಬಂದ್ರೆ 40, 3 ಸೆಕೆಂಡಲ್ಲಿ ಬಂದ್ರೆ 60. ಮೊಬೈಲ್ ಸ್ಟಾಪ್‌ವಾಚ್ ಸಾಕು. ಬಂದ ಗಾಡಿ ಎಲ್ಲಾ ಬರೀಬೇಕು, ಜೋರಾಗಿ ಬಂದವನ್ನ ಮಾತ್ರ ಆರಿಸಿ ಬರೆದ್ರೆ ಯಾರೂ ನಂಬಲ್ಲ. ಮಳೆ ಬಂದ ದಿನ, ರಜೆ ದಿನ ಲೆಕ್ಕಕ್ಕೆ ಬೇಡ. ಎರಡನೇ ಮತ್ತು ನಾಲ್ಕನೇ ಕ್ರಾಸ್ ಎರಡರಲ್ಲೂ ಒಂದೇ ಹೊತ್ತಿಗೆ ಅಳೆಯೋಣ. ಆಗ ಮುಂದೆ ಗಾಡಿಗಳು ಆ ಕಡೆ ಹೋದ್ವೋ ಇಲ್ವೋ ಅಂತ ಹೋಲಿಸಬಹುದು.

ನಿವೃತ್ತ ನೌಕರರು, ಮೊದಲನೇ ಕ್ರಾಸ್:
ಕಚೇರಿಯಲ್ಲಿ ಕೆಲಸ ಮಾಡಿದವನಾಗಿ ಒಂದೆರಡು ಮಾತು. ಮನವಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕೈಯಲ್ಲಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಫೋಟೊ ಉಳಿಯುತ್ತದೆ, ಕಡತ ಹುಟ್ಟುವುದಿಲ್ಲ. ಸಭೆಯ ಅಜೆಂಡಾ ಸಿದ್ಧವಾಗುವ ಮೊದಲೇ ಕೊಡಬೇಕು. ಅಜೆಂಡಾದಲ್ಲಿ ಇಲ್ಲದ ವಿಷಯ ಕೊನೆಯಲ್ಲಿ, ಸದಸ್ಯರು ಏಳುವ ಹೊತ್ತಿಗೆ ಬರುತ್ತದೆ. ಸಾರ್ವಜನಿಕರಿಗೆ ಮಾತಾಡಲು ಬಿಟ್ಟರೂ ಸಿಗುವುದು ಕೆಲವೇ ನಿಮಿಷ. ಬಿಡದೇ ಇದ್ದರೆ ನಮ್ಮ ವಾರ್ಡಿನ ಸದಸ್ಯರೇ ವಿಷಯ ಎತ್ತಬೇಕು. ಅವರನ್ನು ಮುಂಚೆಯೇ ಕಂಡು ಪತ್ರ ಕೊಟ್ಟು ಬನ್ನಿ. ನಾಲ್ಕನೇ ಕ್ರಾಸ್ ಪಕ್ಕದ ವಾರ್ಡಿಗೆ ಸೇರುವುದರಿಂದ ಆ ಸದಸ್ಯರನ್ನೂ ಕಾಣಬೇಕು. ಇಬ್ಬರು ಸದಸ್ಯರು ಒಂದೇ ಮಾತು ಹೇಳಿದರೆ ಸಭೆಯಲ್ಲಿ ಅದಕ್ಕೆ ತೂಕವೇ ಬೇರೆ.

ಎಲ್ಲಕ್ಕಿಂತ ಮುಖ್ಯ ವಿಷಯ ಹೇಳುತ್ತೇನೆ. ಭರವಸೆ ಬೇರೆ, ನಿರ್ಣಯ ಬೇರೆ. ಅಧ್ಯಕ್ಷರು ಮೈಕಿನಲ್ಲಿ "ಮಾಡಿಸೋಣ" ಅಂದದ್ದು ನಡವಳಿಯಲ್ಲಿ, ಅಂದರೆ ಸಭೆಯ ಲಿಖಿತ ದಾಖಲೆಯಲ್ಲಿ, ಬರದಿದ್ದರೆ ಆ ಮಾತಿಗೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ. ಯಾವ ವಿಭಾಗ, ಯಾವ ಲೆಕ್ಕ ಶೀರ್ಷಿಕೆಯಿಂದ ಹಣ, ಯಾವ ದಿನಾಂಕದೊಳಗೆ, ಈ ಮೂರೂ ನಿರ್ಣಯದಲ್ಲಿ ಸೇರಿಸಿ ಎಂದು ಕೇಳಿ. ಸಭೆ ಮುಗಿದ ಮೇಲೆ ನಡವಳಿಯ ಪ್ರತಿಗೂ ಅರ್ಜಿ ಹಾಕಿ.

ಮೂಲೆಮನೆ, ಎರಡನೇ ಕ್ರಾಸ್:
ಧನ್ಯವಾದ ಸರ್. ಇಲ್ಲಿಯವರೆಗಿನ ಮಾತನ್ನೆಲ್ಲ ಸೇರಿಸಿ ಕರಡು ಬರೆದಿದ್ದೀನಿ. ತಿದ್ದೋದಿದ್ರೆ ತಿದ್ದಿ.

"ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರಲ್ಲಿ ಬಡಾವಣೆ ನಿವಾಸಿಗಳ ಮನವಿ. ಮುಖ್ಯರಸ್ತೆಯ ವಾಹನಗಳು ನಮ್ಮ ಒಳರಸ್ತೆಗಳನ್ನು ಅಡ್ಡದಾರಿಯಾಗಿ ಬಳಸುತ್ತಿವೆ. ನಾವೇ ಅಳೆದ ವೇಗದ ಪಟ್ಟಿ ಲಗತ್ತಿಸಿದೆ. ತಮ್ಮ ಅಧಿಕಾರಿಗಳು ಬಂದು ಮತ್ತೊಮ್ಮೆ ಅಳೆಯಲಿ ಎಂಬುದು ನಮ್ಮ ಕೋರಿಕೆ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಲಿ ಎಂದು 2020ರ ಫೆಬ್ರವರಿಯಲ್ಲಿ ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ ಸ್ಟಾಕ್‌ಹೋಮ್ ಘೋಷಣೆ ಕರೆ ಕೊಟ್ಟಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆ ಘೋಷಣೆಯನ್ನು ಅನುಮೋದಿಸಿದೆ. ಒಂದರಿಂದ ನಾಲ್ಕನೇ ಕ್ರಾಸ್‌ವರೆಗೆ ಒಟ್ಟಾಗಿ ಈ ಮಿತಿಯನ್ನು ಮೊದಲು ಆರು ತಿಂಗಳು ಪ್ರಾಯೋಗಿಕವಾಗಿ ಜಾರಿ ಮಾಡಿ, ಆ ಅವಧಿಗೆ ತಾತ್ಕಾಲಿಕ ದಿಬ್ಬಗಳನ್ನು ಅಳವಡಿಸಿ, ಮೊದಲು ಮತ್ತು ನಂತರದ ವೇಗವನ್ನು ಸಭೆಯ ಮುಂದಿಡಬೇಕು. ಶಾಲೆಯ ಮುಂದೆ ಎತ್ತರಿಸಿದ ದಾಟುಪಟ್ಟಿ, ನಾಲ್ಕನೇ ಕ್ರಾಸ್‌ಗೆ ಫುಟ್‌ಪಾತ್ ಮಂಜೂರು ಮಾಡಬೇಕು."

ಆಂಬ್ಯುಲೆನ್ಸ್ ಡ್ರೈವರ್, ಮೂರನೇ ಕ್ರಾಸ್:
ದಿಬ್ಬ ಇಡೋ ಜಾಗ ಗೊತ್ತುಮಾಡೋವಾಗ ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕದವರನ್ನ ಕೇಳಬೇಕು ಅಂತ ಒಂದು ಸಾಲು ಸೇರಿಸಿ ಅಕ್ಕ.

ಮೂಲೆಮನೆ, ಎರಡನೇ ಕ್ರಾಸ್:
ಸೇರಿಸಿದೆ. ಅಳೆಯೋಕೆ ಎರಡೂ ಕ್ರಾಸ್‌ಗೆ ಇಬ್ಬಿಬ್ಬರು ಬೇಕು, ಶಾಲೆ ಬಿಡೋ ಹೊತ್ತಿಗೆ. ಬರುವವರು ಹೆಸರು ಹೇಳಿ.

ಮೇಷ್ಟ್ರು, ಮೊದಲನೇ ಕ್ರಾಸ್:
ನಾನು ನಾಲ್ಕನೇ ಕ್ರಾಸ್‌ನಲ್ಲಿ ನಿಲ್ಲುತ್ತೇನೆ.

ಮಹಡಿ ಮನೆ, ಎರಡನೇ ಕ್ರಾಸ್:
ನಾನೂ ಅಲ್ಲಿಗೇ ಬರ್ತೀನಿ ಮೇಷ್ಟ್ರೇ.