ಅಪ್‌ಡೇಟ್: ಸ್ಕ್ರೀನ್ ರೀಡರ್ ಮನವಿ ತಿರಸ್ಕಾರವಾದ ಮೇಲೆ

ಸ್ಥಳೀಯ ಸಂಸ್ಥೆಯೊಂದರ ನೌಕರ ನಾನು, ದೃಷ್ಟಿ ತೀರಾ ಮಂದ. ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಕೋರಿದ್ದ ನನ್ನ ಮನವಿಗೆ 'ಅವಕಾಶವಿಲ್ಲ' ಎಂದಷ್ಟೇ ಹಿಂಬರಹ ಬಂದಾಗ, ಮುಂದೇನು ಎಂದು ಇಲ್ಲಿ ಕೇಳಿದ್ದೆ.

ನೀವು ಹೇಳಿದಂತೆ ನಮ್ಮ ಸಂಸ್ಥೆಯ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಲಿಖಿತ ದೂರು ಕೊಟ್ಟೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 20ರಂತೆ ವಿಕಲಚೇತನ ನೌಕರರಿಗೆ ಸಮಂಜಸ ಅನುಕೂಲ (ಅವರ ಅಗತ್ಯಕ್ಕೆ ತಕ್ಕ ಸೂಕ್ತ ಬದಲಾವಣೆ) ಕಲ್ಪಿಸುವುದು ಸರ್ಕಾರಿ ಸಂಸ್ಥೆಗಳ ಕರ್ತವ್ಯ. ಸ್ಥಳೀಯ ಸಂಸ್ಥೆಗಳೂ ಇದರೊಳಗೇ ಬರುತ್ತವೆ. ಕಲಂ 23ರಂತೆ ದೂರು ನೋಂದಣಿಯಾದ 2 ವಾರದೊಳಗೆ ವಿಚಾರಣೆ ಆಗಬೇಕು. ಹಾಗಾಗಿ ನೋಂದಣಿ ಸಂಖ್ಯೆ ಕೇಳಿ ಪಡೆದುಕೊಳ್ಳಿ, ಬಿಡಬೇಡಿ.

ನಾನು ಒತ್ತಿ ಬರೆದದ್ದು ಒಂದೇ ಅಂಶ. ಕಾನೂನು ವಿನಾಯಿತಿ ಕೊಡುವುದು ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳುವಾಗ ಮಾತ್ರ. ನಾನು ಕೇಳಿದ ಸ್ಕ್ರೀನ್ ರೀಡರ್ ಎನ್‌ವಿಡಿಎ ಉಚಿತ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ಹೊರೆ ಎಲ್ಲಿಂದ ಬಂತು? ಇದಕ್ಕೆ ಸಂಸ್ಥೆಯವರಲ್ಲಿ ಉತ್ತರವಿರಲಿಲ್ಲ.

ತಂತ್ರಾಂಶಕ್ಕೆ ಒಪ್ಪಿಗೆ ಸಿಕ್ಕಿದೆ, ತುಂಬಾ ಖುಷಿಯಾಗಿದೆ! ಆದರೆ ಸುತ್ತೋಲೆಗಳು ಈಗಲೂ ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೇ ಬರುತ್ತಿವೆ, ಅವನ್ನು ಸ್ಕ್ರೀನ್ ರೀಡರ್ ನೇರವಾಗಿ ಓದಲಾರದು. ಸ್ಕ್ರೀನ್ ರೀಡರ್ ಓದಬಲ್ಲ ಯೂನಿಕೋಡ್ ಪಠ್ಯ ಕೋರಿ ಮತ್ತೆ ಬರೆದಿದ್ದೇನೆ. ಒಪ್ಪದಿದ್ದರೆ ವಿಕಲಚೇತನರ ವಿಷಯ ನೋಡುವ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತೇನೆ.