‘ಬೇಯಿಸು’ ಒಪ್ಪದ ಕಡೆ ಯಾವ ಕ್ರಿಯಾಪದ? ತೋಫು ನೂಡಲ್ಸ್ ಅಡುಗೆಯಲ್ಲಿ ಎದುರಾದ ಪದಪ್ರಶ್ನೆ

ಮಾನ್ಯರೇ,

ಪಾಸ್ತಾದ ಬದಲಿಗೆ ತೋಫು ನೂಡಲ್ಸ್ ಬಳಸುವ ಕೆಲವು ಪಾಕವಿಧಾನಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಹೆಜ್ಜೆಯಲ್ಲೇ ತಕ್ಕ ಕ್ರಿಯಾಪದ ಸಿಗದೆ ಬರವಣಿಗೆ ನಿಂತಿದೆ.

ಒಣ ಪಾಸ್ತಾದ ವಿಷಯದಲ್ಲಿ ತೊಡಕಿಲ್ಲ. ಅದರಲ್ಲಿರುವ ಗೋಧಿಯ ಪಿಷ್ಟವು ಕುದಿನೀರನ್ನು ಹೀರಿ ಉಬ್ಬಿ ಮೆದುವಾಗುವುದರಿಂದ ‘ಬೇಯಿಸಿ ಬಸಿಯಿರಿ’ ಎಂದರೆ ಸಾಕು. ಆದರೆ ಕೊಂಜಾಕ್ ಗಡ್ಡೆಯ ಹಿಟ್ಟನ್ನೂ ಸೋಯಾ ಹಾಲಿನಿಂದ ಮಾಡುವ ತೋಫುವನ್ನೂ ಬೆರೆಸಿ, ಸುಣ್ಣದ ನೀರಿನಿಂದ ಗಟ್ಟಿಗೊಳಿಸಿದ ಈ ನೂಡಲ್ಸ್ ದ್ರವದಲ್ಲಿ ಮುಳುಗಿಕೊಂಡೇ ಪೊಟ್ಟಣದಲ್ಲಿ ಬರುತ್ತದೆ. ಬೇಯುವ ಹಂತ ಆಗಲೇ ಮುಗಿದಿರುತ್ತದೆ. ಆ ದ್ರವದ ಮೀನಿನಂಥ ವಾಸನೆ ಹೋಗುವಂತೆ ತೊಳೆದು, ಎಣ್ಣೆಯಿಲ್ಲದ ಬಾಣಲೆಯಲ್ಲಿ ಕೆಲವು ನಿಮಿಷ ಕೈಯಾಡಿಸಿ, ಎಳೆಗಳಿಗೆ ಅಂಟಿದ ನೀರನ್ನು ಕಳೆಯುವುದೇ ಮುಖ್ಯ ಕೆಲಸ. ಅದನ್ನು ಬಿಟ್ಟರೆ ಸಾಸ್ ನೀರಾಗುತ್ತದೆ; ಪಾಸ್ತಾ ಬೇಯಿಸಿದ ನೀರಿನಲ್ಲಿರುವಂತೆ ಅದನ್ನು ಮಂದಗೊಳಿಸುವ ಪಿಷ್ಟವೂ ಇಲ್ಲಿ ಸಿಗದು.

ಈ ಕೆಲಸವನ್ನು ಏನೆಂದು ಕರೆಯುವುದು? ‘ಹುರಿಯಿರಿ’ ಎಂದರೆ ಓದುವವರು ಬಣ್ಣ ಬದಲಾಗಲಿ, ಘಮ ಬರಲಿ ಎಂದು ಕಾಯುತ್ತಾರೆ. ಇಲ್ಲಿ ಎರಡೂ ಆಗಬೇಕಿಲ್ಲ. ‘ಬಾಡಿಸಿ’ ಎಂಬುದು ಸೊಪ್ಪಿಗೆ, ಈರುಳ್ಳಿಗೆ ಒಪ್ಪುತ್ತದೆ, ಏಕೆಂದರೆ ಅವು ಒಳಗಿನ ನೀರನ್ನು ಬಿಟ್ಟು ಸೊರಗುತ್ತವೆ; ಈ ಎಳೆಗಳಾದರೋ ಬಿಸಿಗೆ ಕರಗದೆ, ಜಗ್ಗದೆ ಹಾಗೆಯೇ ಉಳಿಯುತ್ತವೆ. ‘ಒಣಗಿಸಿ’ ಎಂದರೆ ಅತಿಯಾಯಿತು. ನನ್ನನ್ನು ಹೆಚ್ಚು ಕಾಡಿದ್ದು ‘ಹಸಿ’ ಎಂಬ ಮಾತು. ಬೇಯದ್ದೂ ಹಸಿ, ಒದ್ದೆಯಾದದ್ದೂ ಹಸಿ. ‘ಹಸಿ ಹೋಗುವವರೆಗೆ’ ಎಂದು ಬರೆದಿದ್ದನ್ನು ಓದಿದ ಗೆಳತಿಯೊಬ್ಬರು ನೂಡಲ್ಸನ್ನು ಇಪ್ಪತ್ತು ನಿಮಿಷ ಕುದಿಸಿದರು. ತಪ್ಪು ಅವರದಲ್ಲ, ನನ್ನ ವಾಕ್ಯದ್ದು.

ಸದ್ಯಕ್ಕೆ ‘ನೀರಿನ ಪಸೆ ಆರುವವರೆಗೆ ಕೈಯಾಡಿಸಿ’ ಎಂದು ತಿದ್ದಿಕೊಂಡಿದ್ದೇನೆ. ‘ಪಸೆ’ ಎಂದರೆ ಮೇಲೆ ಉಳಿದ ತೇವ ಮಾತ್ರ. ಅದರಲ್ಲಿ ಬೇಯಿಸುವ ಸೂಚನೆಯೇ ಇಲ್ಲ. ಆದರೆ ಹಂತದ ಹೆಸರಾಗಿ ‘ಆರಿಸುವುದು’ ಎಂದು ಬರೆದರೆ ಆಯ್ಕೆ ಮಾಡುವುದು, ಒಲೆ ನಂದಿಸುವುದು ಎಂಬ ಅರ್ಥಗಳೂ ಅಡ್ಡ ಬರುತ್ತವೆ.

ಇದರ ಜೊತೆಗೆ ಇನ್ನೊಂದು ಸಣ್ಣ ಅನುಮಾನವಿದೆ. ‘ಲೋ ಕಾರ್ಬ್’ ಎಂಬುದಕ್ಕೆ ನಾನು ‘ಕಡಿಮೆ ಪಿಷ್ಟದ’ ಎಂದು ಬಳಸಿದ್ದೇನೆ. ‘ಕಾರ್ಬ್’ಗೆ ಪಠ್ಯಪುಸ್ತಕದಲ್ಲಿರುವ ‘ಶರ್ಕರಪಿಷ್ಟ’ ಎಂಬ ಪದದಲ್ಲಿ ನಾರೂ ಸೇರುತ್ತದೆ; ಆದರೆ ಕೊಂಜಾಕ್‌ನಲ್ಲಿರುವುದು ಬಹುಪಾಲು ಗ್ಲುಕೋಮನ್ನನ್ ಎಂಬ ನಾರು, ಪಿಷ್ಟವಲ್ಲ. 100 ಗ್ರಾಮ್ ಒಣ ಪಾಸ್ತಾದಲ್ಲಿ 70 ಗ್ರಾಮಿಗೂ ಮೇಲ್ಪಟ್ಟು ಇರುವ ಶರ್ಕರಪಿಷ್ಟದಲ್ಲಿ ಹೆಚ್ಚಿನದು ಪಿಷ್ಟವೇ ಆದ್ದರಿಂದ ಹೋಲಿಕೆಗೆ ಈ ಪದವೇ ನಿಖರವೆಂದು ನನ್ನ ಎಣಿಕೆ. ಆಕ್ಷೇಪವಿದ್ದರೆ ತಿಳಿಸಿ.

ಬಿಸಿ ತಾಗಿಸಿ ಮೇಲಿನ ಪಸೆಯನ್ನಷ್ಟೇ ಕಳೆಯುವುದಕ್ಕೆ ತಮ್ಮ ಆಡುಮಾತಿನಲ್ಲಿ ಒಂದೇ ಪದದ ಕ್ರಿಯಾಪದವಿದೆಯೇ? ಇದ್ದರೆ, ಅದನ್ನು ಬಳಸುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.